ಏಳದ ದೋಣಿ, ಏಳದ ಭಾವ

ನಿನ್ನೆ ಭಾನುವಾರವೂ ನಮ್ಮ ದೋಣಿ ಏಳಲಿಲ್ಲ. ಸರಿಯಾಗಿ ಹೇಳುವುದಾದರೆ ಒಂದೇ ಒಂದು ಸಲ ಎದ್ದಿತು, ಆ ಕಥೆ ಆಮೇಲೆ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಮೂತಿ ಮೇಲೆತ್ತಿ, ಹಿಂಬದಿಯನ್ನು ನೀರಿಗೆ ಊರಿ, ಹೊಳೆಯನ್ನೆಲ್ಲ ಕಲಕಿಕೊಂಡು ತೆವಳುತ್ತದೆ. ನನಗೆ ಎದುರಿಗಿನ ನೀರೇ ಕಾಣುವುದಿಲ್ಲ, ಬರೀ ಮೂತಿ ಮತ್ತು ಮೋಡ. ಅಷ್ಟರಲ್ಲಿ ನಮ್ಮದೇ ಅಳತೆಯ ಇನ್ನೊಂದು ದೋಣಿ, ಮೂರು ಜನ, ಒಂದು ರಾಶಿ ಬಲೆ ಹೇರಿಕೊಂಡು ಸುಂಯ್ ಅಂತ ಪಕ್ಕದಲ್ಲೇ ಹೋಯಿತು. ಹೋಗಲಿ ಬಿಡಿ. ಅದರಲ್ಲಿದ್ದವರು ಕೈ ಬೇರೆ ಬೀಸಿದರು.

ಕುಂದಾಪುರದ ಹತ್ತಿರದ ಗಂಗೊಳ್ಳಿ, ಕೋಡಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. 14 ಅಡಿಯ ಫೈಬರ್ ದೋಣಿ, ಹಿಂಬದಿಗೆ ಸಿಕ್ಕಿಸಿದ ಇಂಜಿನ್ 15 ಎಚ್‌ಪಿಯ ಔಟ್‌ಬೋರ್ಡ್. ನಿಧಾನ ಹೋಗುವಾಗ ಯಾವ ದೋಣಿಯೂ ನೀರನ್ನು ಸೀಳಿಕೊಂಡು ಹೋಗುತ್ತದೆ. ಈ ಅಳತೆಯದಕ್ಕೆ ಗಂಟೆಗೆ 9–10 ಕಿಲೋಮೀಟರ್ ಆಯಿತು ಅನ್ನುವಾಗ ತಾನೇ ಎಬ್ಬಿಸಿದ ಅಲೆ ಎದುರು ಗುಡ್ಡವಾಗಿ ನಿಲ್ಲುತ್ತದೆ. ಅದನ್ನು ಹತ್ತಿ ಮೇಲೆ ಬಂದರೆ ಆಮೇಲೆ ನೀರಿನ ಮೇಲೆ ಜಾರಾಟ, ದೋಣಿ ಏಳುವುದು ಅಂದರೆ ಇದೇ, ಪೆಟ್ರೋಲೂ ಉಳಿತಾಯ. ಹತ್ತದಿದ್ದರೆ ಘಾಟಿಯಲ್ಲಿ ಲೋಡ್ ಲಾರಿ ಫಸ್ಟ್ ಗೇರಿನಲ್ಲಿ ನರಳಿದ ಹಾಗೆ. ನಮ್ಮದು ಯಾವಾಗಲೂ ನರಳುವ ಜಾತಿ.

ದಡದಲ್ಲಿ ಸಲಹೆಗೆ ಬರಗಾಲವಿಲ್ಲ. ತಳಕ್ಕೆ ಚಿಪ್ಪು ಹಿಡಿದಿದೆ ಅಂದರು, ದೋಣಿ ಮಗುಚಿ ಹಾಕಿ ಬೆನ್ನು ಮುರಿಯುವ ತನಕ ಕೆರೆದೆ. ಪ್ರೊಪೆಲ್ಲರ್ ಒಳಗಿನ ರಬ್ಬರ್ ಬುಶ್ ಜಾರುತ್ತಿರಬೇಕು ಅಂದರು. ಹಾಗಾದರೆ ಇಂಜಿನ್ ಸುಮ್ನೆ ಕಿರುಚಬೇಕು, ದೋಣಿ ಹೋಗಬಾರದು. ನಮ್ಮದು ಕಿರುಚುವುದಿಲ್ಲ, ಉಸಿರು ಕಟ್ಟಿದವರ ಹಾಗೆ ಗೊರಗೊರ ಅನ್ನುತ್ತದೆ. ಇಂಜಿನ್ ಎತ್ತರ ನೋಡಿ ಅಂದರು, ಪ್ರೊಪೆಲ್ಲರ್ ಮೇಲಿನ ಆ ಚಪ್ಪಟೆ ಪ್ಲೇಟು ದೋಣಿಯ ತಳದ ಸಮಕ್ಕೇ ಇತ್ತು. ಇಂಜಿನ್ನಿನ ಓರೆ ಹೊಂದಿಸುವ ಟಿಲ್ಟ್ ಪಿನ್ನನ್ನು ಒಳಗಿನ ತೂತಿಗೆ ಹಾಕಿದೆ, ಮೂತಿ ಚೂರು ಇಳಿದ ಹಾಗೆ ಮಾಡಿ ಮತ್ತೆ ಮೇಲೆ ಹೋಯಿತು. ಕಡೆಗೆ ಕಡಿಮೆ ಪಿಚ್ಚಿನ ಪ್ರೊಪೆಲ್ಲರನ್ನೇ ತಂದೆ. ಒಂದು ಸುತ್ತಿಗೆ ಕಡಿಮೆ ಇಂಚು ತಳ್ಳುತ್ತದೆ, ಹಾಗಾಗಿ ಇಂಜಿನ್ನಿಗೆ ಹಗುರ, ಎಳೆತ ಜಾಸ್ತಿ. ಅದರ ರೇಟು ಕೇಳಿದ ಮೇಲೆ ನನ್ನ ಉಸಿರೂ ಕಟ್ಟಿತು.

ಇಷ್ಟಕ್ಕೂ ಸಮಸ್ಯೆ ಏನು ಅಂತ ನನಗೆ ಗೊತ್ತಿದೆ. ಅದು ನನ್ನ ಪಕ್ಕದಲ್ಲೇ ಕೂತಿರುತ್ತದೆ. ನಮ್ಮ ಭಾವ.

ಲೆಕ್ಕ ಹಾಕಿ. ಹಿಂದುಗಡೆ 40 ಕೆಜಿಯ ಇಂಜಿನ್, ಪೆಟ್ರೋಲ್ ಟ್ಯಾಂಕ್, ಹಿಡಿಕೆ ಹಿಡಿದ ನಾನು. ನನ್ನ ಪಕ್ಕಕ್ಕೆ ಭಾವ, ಭಾವನ ಕಾಲ ಬುಡದಲ್ಲಿ ಇನ್ನೂ ಸಿಗದ ಮೀನಿಗೆ ತುಂಬಿಸಿಟ್ಟ ಐಸ್ ಪೆಟ್ಟಿಗೆ. ಮುಂದೆ? ಲಂಗರು, ಹಗ್ಗ, ಗಾಳಿ. ಭಾವ ಮುಂದೆ ಹೋಗಿ ಕೂತರೆ ಮುಗಿಯಿತು. ಆದರೆ ಅಕ್ಕನ ಗಂಡನಿಗೆ 'ನೀವು ಭಾರ' ಅಂತ ಹೇಳುವುದು ಹೇಗೆ? ದೋಣಿಗೆ ಅರ್ಧ ದುಡ್ಡು ಹಾಕಿದವರಿಗೆ? 'ಮುಂದೆ ಗಾಳಿ ಚೆನ್ನಾಗಿ ಬರುತ್ತದೆ ಭಾವ' ಅಂದೆ. 'ಶೀತ ಆತ್ತ್ ಮಾರಾಯ' ಅಂದರು. ಗೋಳಿಬಜೆಯ ಕಟ್ಟನ್ನು ಬೇಕೆಂದೇ ಮೂತಿಯ ತುದಿಗೆ ಇಟ್ಟೆ. 'ಅದನ್ನ್ ಇತ್ಲಾಗಿ ಕೊಡ್' ಅಂದರು. ದೋಣಿ ನಿಲ್ಲಿಸಿ, ಮುಂದೆ ಹೋಗಿ, ತಂದುಕೊಟ್ಟೆ. ಹಿಂದುಗಡೆ ಇನ್ನಷ್ಟು ಭಾರ.

ಅದೂ ಸಹಿಸಬಹುದು. ಸಹಿಸಲಾಗದ್ದು ಭಾವನ ಒಂದೇ ಪ್ರಶ್ನೆ: 'ಪ್ಲಗ್ ಕಂಡ್ಯಾ?' ಅಂದರೆ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ನೋಡಿದೆಯಾ ಅಂತ. ಅವರ ಪ್ರಕಾರ ಈ ಲೋಕದಲ್ಲಿ ಕೆಟ್ಟದ್ದೆಲ್ಲ ಪ್ಲಗ್ಗಿನಿಂದಲೇ ಕೆಟ್ಟದ್ದು. ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ ಸರಿ, ಒಪ್ಪೋಣ. ಅಕ್ಕನ ಮಿಕ್ಸಿ ನಿಂತಾಗಲೂ ಅದೇ, ಟಿವಿ ಬರದಿದ್ದಾಗಲೂ ಅದೇ. ನನ್ನ ಮಗನಿಗೆ ಗಣಿತದಲ್ಲಿ ಮಾರ್ಕ್ಸ್ ಕಡಿಮೆ ಬಂತು ಅಂದಾಗಲೂ ಬಾಯಿ ತೆರೆದಿದ್ದರು, ಅಕ್ಕ ತಡೆದಳು. ಹೊಳೆ ಮಧ್ಯೆ ಇಂಜಿನ್ ನಿಲ್ಲಿಸಿ, ಕವರ್ ತೆಗೆದು, ಪ್ಲಗ್ ಬಿಚ್ಚಿ, ಅವರ ಮೂಗಿನೆದುರು ಹಿಡಿಯಬೇಕು. ಕನ್ನಡಕ ಹಾಕಿ ನೋಡುತ್ತಾರೆ, ಊದುತ್ತಾರೆ, ಪಂಚೆಗೆ ಉಜ್ಜುತ್ತಾರೆ, 'ಹ್ಞಾಂ, ಈಗ ಹಾಕ್' ಅನ್ನುತ್ತಾರೆ. ಅಷ್ಟರಲ್ಲಿ ನಾವು ಹೊರಟ ಜಾಗಕ್ಕಿಂತ ಹಿಂದೆ ತೇಲಿ ಹೋಗಿರುತ್ತೇವೆ.

ಒಮ್ಮೊಮ್ಮೆ ಹಾಗೆ ತೇಲುವಾಗ ಅಜ್ಜನ ನೆನಪಾಗುತ್ತದೆ. ಅವರದು ಪಾತಿ ದೋಣಿ, ಒಂದು ಹುಟ್ಟು. ಇಳಿತದ ಜೊತೆ, ಹೊಳೆ ಸಮುದ್ರ ಸೇರುವ ಅಳಿವೆ ಕಡೆಗೆ ಹೋಗುವುದು, ಭರತ ಏರುವಾಗ ಅದರ ಜೊತೆಗೇ ವಾಪಸು. ಅವರಿಗೆ ಯಾವತ್ತೂ ತಡವಾಗಲಿಲ್ಲ, ಯಾಕೆಂದರೆ ನೀರೇ ಕರೆದುಕೊಂಡು ಬರುತ್ತಿತ್ತು. ಅವರ ದೋಣಿಯಲ್ಲಿ ಭಾವನೂ ಇರಲಿಲ್ಲ ಅನ್ನಿ.

ಆ ಎದ್ದ ಕಥೆಗೆ ಬರುತ್ತೇನೆ. ಪ್ಲಗ್ ಪೂಜೆ ಮುಗಿಸಿ ಹೊರಟಿದ್ದೆವು, ಮೂತಿ ಮೇಲಿತ್ತು. ಅಕ್ಕನ ಫೋನ್ ಬಂತು. ನಾಲ್ಕು ಅಡಿ ಮುಂದೆ ಸಿಗ್ನಲ್ ಚೆನ್ನಾಗಿರುತ್ತದೆ ಅಂತ ಭಾವನಿಗೆ ಯಾರು ಹೇಳಿದರೋ, ಲೈಫ್ ಜಾಕೆಟ್ ಕಟ್ಟಿಕೊಂಡ ಆ ದೇಹ ಫೋನ್ ಹಿಡಿದು ಅಂಬೆಗಾಲಿಡುತ್ತಾ ಮುಂದೆ ಸರಿಯಿತು. ಆಕ್ಸಿಲರೇಟರ್ ಬಿಡಬೇಕಿತ್ತೋ ಏನೋ, ನನ್ನ ಕೈ ಬಿಡಲಿಲ್ಲ. ಭಾವ ನಡು ಹಲಗೆ ದಾಟಿದ್ದೇ ತಡ, ಮೂತಿ ಧೊಪ್ಪನೆ ಇಳಿಯಿತು, ಇಂಜಿನ್ನಿನ ಗೊರಗೊರ ಹೋಗಿ ಒಂದೇ ಶ್ರುತಿ ಹಿಡಿಯಿತು, ನೀರು ಎರಡೂ ಬದಿಗೆ ಚಿಮ್ಮಿತು. ಎದುರಿಗೆ ಹೊಳೆ ಕಂಡಿತು ಕಣ್ರೀ! ಕೋಡಿಯ ತೆಂಗಿನಮರಗಳೂ ಕಂಡವು! ಭಾವ ಹಿಂದೆ ತಿರುಗಿ, ಗಾಳಿಗೆ ಪಂಚೆ ಹಿಡಿದುಕೊಂಡು, ಅಕ್ಕನಿಗೂ ನನಗೂ ಒಟ್ಟಿಗೇ ಕೂಗಿದರು: 'ನಾ ಹೇಳ್ಲಿಲ್ಯಾ? ಪ್ಲಗ್ ಸಮ ಆಯ್ತ್ ಕಾಣ್!'

ಫೋನ್ ಮುಗಿಸಿ ವಾಪಸು ಬಂದು ನನ್ನ ಪಕ್ಕ ಕೂತರು. ಮೂತಿ ಮೋಡದ ಕಡೆಗೆ ಹೋಯಿತು.

'ಮತ್ತೆ ಪ್ಲಗ್ ಹೋಯ್ತ್' ಅಂದರು.

ಇವತ್ತು ಬೆಳಿಗ್ಗೆ ಎರಡು ಹೊಸ ಪ್ಲಗ್ ತಂದು ಮನೆಯಲ್ಲಿ ಕೊಟ್ಟು ಹೋಗಿದ್ದಾರೆ. ದುಡ್ಡು ನಾನು ಕೊಡಬೇಕಂತೆ.