ಮೇಲಿನ ಮನೆಯ ಕೂಗು

ಗಣೇಶನ ಹಬ್ಬ ಮುಗಿದು ಮೂರು ದಿನವಾಗಿತ್ತು. ಡಬ್ಬಿಯ ತಳದಲ್ಲಿ ಮುರಿದ ಚಕ್ಕುಲಿ ಇನ್ನೂ ಉಳಿದಿತ್ತು. ಬೀದಿಯ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು 'ಹಲೋ ಮೈಕ್ ಟೆಸ್ಟಿಂಗ್' ಅನ್ನುತ್ತಿದ್ದರು. ನಾನು ಕಿಟಕಿಗಳನ್ನೆಲ್ಲ ಮುಚ್ಚಿ, ನೀಲಿ ಜೆರ್ಸಿ ತೊಟ್ಟು, ಮೊಬೈಲನ್ನು ಅದೇ ಚಕ್ಕುಲಿ ಡಬ್ಬಿಗೆ ಒರಗಿಸಿಕೊಂಡು ಊಟದ ಮೇಜಿನ ಮುಂದೆ ಕೂತಿದ್ದೆ. 2023ರ ಸೆಪ್ಟೆಂಬರ್ 21, ಗುರುವಾರ, ರಾತ್ರಿ ಎಂಟು ಗಂಟೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲಿನ ಹೊಸ ಸೀಸನ್ನಿನ ಮೊಟ್ಟಮೊದಲ ಪಂದ್ಯ ಕೊಚ್ಚಿಯಲ್ಲಿ. ಕೇರಳ ಬ್ಲಾಸ್ಟರ್ಸ್ ಎದುರು ನಮ್ಮ ಬೆಂಗಳೂರು ಎಫ್‌ಸಿ.

"ಮನೇಲಿ ಕೂತು ನೋಡೋಕೆ ಯೂನಿಫಾರಂ ಯಾಕೋ?" ಅಂದಳು ಅಮ್ಮ.

"ನೀನು ಪೂಜೆಗೆ ಮಡಿ ಉಡ್ತೀಯಲ್ಲ, ಹಾಗೆ" ಅಂದೆ.

"ಮಡಿ ಉಟ್ಟರೆ ಪುಣ್ಯ ಆದ್ರೂ ಬರತ್ತೆ."

ಈ ಮಾತಿಗೆ ನನ್ನಲ್ಲಿ ಆಗಲೂ ಉತ್ತರವಿರಲಿಲ್ಲ, ಈಗಲೂ ಇಲ್ಲ.

ನಮ್ಮ ಮನೆ ಜಾಲಹಳ್ಳಿಯಲ್ಲಿ. ಕಾರ್ಖಾನೆಗಳ ಕಾಲದಿಂದಲೂ ಮಲಯಾಳಿಗಳು ನೆಲೆನಿಂತ ಜಾಗ, ಅಯ್ಯಪ್ಪನ ಗುಡಿಯೇ ಇದೆ. ನಮ್ಮ ತಲೆಯ ಮೇಲಿನ ಮಹಡಿಯಲ್ಲಿರುವುದು ತ್ರಿಶೂರಿನ ಸಂಸಾರ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ನಾಲ್ವರೂ ಬ್ಲಾಸ್ಟರ್ಸ್. ಓಣಂಗೆ ಪಾಯಸ ಇಳಿದು ಬರುತ್ತದೆ, ಯುಗಾದಿಗೆ ಒಬ್ಬಟ್ಟು ಹತ್ತಿ ಹೋಗುತ್ತದೆ. ಫುಟ್‌ಬಾಲಿನ ದಿನ ಮಾತ್ರ ಮೆಟ್ಟಿಲ ಮೇಲೆ ಏನೂ ಓಡಾಡುವುದಿಲ್ಲ. ಅವರ ಅಭಿಮಾನಿ ಪಡೆಯ ಹೆಸರು ಮಂಞಪ್ಪಡ, ಹಳದಿ ಪಡೆ ಅಂತ ಅರ್ಥ. ಮಕ್ಕಳು ಮೇಲೆ ಅದನ್ನು ಕೂಗುವುದನ್ನು ಮೊದಲ ಸಲ ಕೇಳಿದಾಗ ಅಮ್ಮ, "ಯಾರೋ ಅದು ಮಂಜಪ್ಪ? ಪಾಪ, ಅಷ್ಟು ಹೊತ್ತಿನಿಂದ ಕರೀತಿದಾವೆ, ಬರಬಾರದಾ?" ಅಂದಿದ್ದಳು. ಹಳದಿ ನಮ್ಮ ಕನ್ನಡ ಬಾವುಟದ ಬಣ್ಣ. ಅದನ್ನು ಎದುರಾಳಿಗೆ ಬಿಟ್ಟುಕೊಟ್ಟು ನಾವು ನೀಲಿ ಉಟ್ಟಿದ್ದೇವೆ. ಇರಲಿ.

ಆ ಪಂದ್ಯಕ್ಕೆ ಒಂದು ಹಳೆ ಬಾಕಿ ಇತ್ತು. ಅದೇ ವರ್ಷದ ಮಾರ್ಚ್ 3ರಂದು ಕಂಠೀರವದಲ್ಲಿ ಇದೇ ಎರಡು ತಂಡಗಳ ನಾಕೌಟ್ ಪಂದ್ಯ. ಹೆಚ್ಚುವರಿ ಸಮಯದಲ್ಲಿ ನಮ್ಮ ನಾಯಕ ಸುನಿಲ್ ಛೆಟ್ರಿ, ಎದುರಾಳಿಗಳು ಸಾಲಾಗಿ ನಿಂತು ಗೋಡೆ ಕಟ್ಟುವುದರೊಳಗೆ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ರೆಫರಿ ಒಪ್ಪಿದರು, ಬ್ಲಾಸ್ಟರ್ಸ್ ಒಪ್ಪಲಿಲ್ಲ. ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಕರೆದುಕೊಂಡು ಮೈದಾನದಿಂದ ಹೊರಟುಹೋದರು. ಆಮೇಲೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ. ಆ ಗೋಲು ಗೋಲೋ ಅಲ್ಲವೋ ಎನ್ನುವ ವಿಚಾರ ನಮ್ಮ ಮೆಟ್ಟಿಲ ಮೇಲೆ ಆರು ತಿಂಗಳು ನಡೆಯಿತು. ನಾನು ನಿಯಮ ಹೇಳುತ್ತಿದ್ದೆ, ಮೇಲಿನವರು ನ್ಯಾಯ ಹೇಳುತ್ತಿದ್ದರು. ವೇಳಾಪಟ್ಟಿ ಬರೆದ ಪುಣ್ಯಾತ್ಮರು ಇವೆರಡನ್ನೇ ಮೊದಲ ದಿನ ಎದುರುಬದುರು ಕೂರಿಸಿದ್ದು ಆಕಸ್ಮಿಕ ಅಂದರೆ ನಾನು ನಂಬುವುದಿಲ್ಲ. ಸಾಲದ್ದಕ್ಕೆ ಬೇಸಿಗೆಯಲ್ಲಿ ಅವರ ಹಳೇ ನಾಯಕ ಜೆಸ್ಸೆಲ್ ಕಾರ್ನೆರೊ ನಮ್ಮ ಕಡೆ ಬಂದಿದ್ದರು, ನಮ್ಮ ಪ್ರಬೀರ್ ದಾಸ್ ಅವರ ಕಡೆ ಹೋಗಿದ್ದರು. ಜಗಳವಾಡಿದ ಬೀಗರು ಹೆಣ್ಣು ಕೊಟ್ಟು ತಂದುಕೊಂಡ ಹಾಗೆ.

ಇಷ್ಟು ಹೇಳಿದ ಮೇಲೆ ತಂತ್ರಜ್ಞಾನದ ಸಣ್ಣ ವಿಷಯವೊಂದನ್ನು ಹೇಳಲೇಬೇಕು. ಇಲ್ಲದಿದ್ದರೆ ಆ ರಾತ್ರಿ ನನಗೆ ಏನಾಯಿತು ಅನ್ನುವುದು ತಿಳಿಯುವುದಿಲ್ಲ. ಅವರು ನೋಡುವುದು ಟಿ.ವಿ.ಯಲ್ಲಿ, ನಾನು ನೋಡುವುದು ಮೊಬೈಲಿನಲ್ಲಿ. ಮೊಬೈಲಿಗೆ ಚಿತ್ರ ಬರುವುದು ತುಂಡು ತುಂಡಾಗಿ, ಒಂದಷ್ಟು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಹಾಗಾಗಿ ನಾನು ಮೇಲಿನ ಮನೆಗಿಂತ ಸುಮಾರು ಅರ್ಧ ನಿಮಿಷ ಹಿಂದೆ ಬದುಕುತ್ತಿರುತ್ತೇನೆ. ಅವರಿಗೆ ಆಗಿಹೋದದ್ದು ನನಗೆ ಇನ್ನೂ ಆಗಬೇಕಾದದ್ದು.

ಮೊದಲರ್ಧ ಗೋಲಿಲ್ಲದೆ ಮುಗಿಯಿತು. ಆಡಿದ್ದು ಅವರೇ, ಆದರೂ ಸೊನ್ನೆ ಸೊನ್ನೆಯೇ. ಎರಡನೇ ಅರ್ಧ ಶುರುವಾಗಿ ಏಳು ನಿಮಿಷವೂ ಆಗಿರಲಿಲ್ಲ. ನನ್ನ ಮೊಬೈಲಿನಲ್ಲಿ ಅವರ ಏಡ್ರಿಯನ್ ಲೂನಾ ಕಾರ್ನರ್ ಹೊಡೆಯಲು ಚೆಂಡನ್ನು ನೆಲಕ್ಕಿಡುತ್ತಿದ್ದಾರೆ, ಅಷ್ಟರಲ್ಲಿ ಮೇಲೆ ಮಹಡಿ ಕುಸಿಯುವಂಥ ಕೂಗು. ಫ್ಯಾನು ಅಲ್ಲಾಡಿತು. ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ನೋಡಬೇಕಲ್ಲ! ಲೂನಾ ಸಾವಧಾನವಾಗಿ ಹೆಜ್ಜೆ ಹಿಂದಿಟ್ಟರು, ಕೈ ಎತ್ತಿದರು, ಹೊಡೆದರು. ಯಾರ ತಲೆಗೆ ಬೀಳುತ್ತದೋ ಅಂತ ಹಳದಿ ಅಂಗಿಗಳನ್ನೇ ನೋಡುತ್ತಿದ್ದೆ. ಬಿದ್ದದ್ದು ನಮ್ಮವನ ತಲೆಗೆ. ಪಾಪ, ಈ ಸೀಸನ್ನಿಗೆ ಹೊಸದಾಗಿ ಬಂದವನು. ಚೆಂಡು ನಮ್ಮ ಬಲೆಗೇ ಹೋಯಿತು.

ಎರಡನೆಯದು ಇದಕ್ಕಿಂತ ವಿಚಿತ್ರ. 69ನೇ ನಿಮಿಷ. ನನ್ನ ಪರದೆಯಲ್ಲಿ ಯಾವ ಅಪಾಯವೂ ಇಲ್ಲ. ನಮ್ಮ ಆಟಗಾರನೇ ನಮ್ಮ ಗೋಲಿಗೆ, ಅಂದರೆ ಗೋಲ್‌ಕೀಪರಿಗೆ, ಹಿಂದಕ್ಕೆ ಪಾಸ್ ಕೊಡುತ್ತಿದ್ದಾನೆ. ಮೇಲೆ ಮತ್ತೆ ಕೂಗು, ಈ ಸಲ ಪಾತ್ರೆಯನ್ನೂ ಬಡಿದರು. ನಾನು ಕಂಗಾಲಾದೆ. ಚೆಂಡು ನಮ್ಮ ಹತ್ತಿರವೇ ಇದೆ, ಅದೂ ಕೈಯಲ್ಲಿ ಹಿಡಿಯುವ ಹಕ್ಕಿರುವ ಏಕೈಕ ಮನುಷ್ಯನ ಕಾಲಬಳಿ ಇದೆ, ಇವರು ಕುಣಿಯುತ್ತಿರುವುದು ಯಾವ ಸಂತೋಷಕ್ಕೆ? (ಬ್ಯಾಕ್ ಪಾಸನ್ನು ಕೈಯಲ್ಲಿ ಹಿಡಿಯುವಂತಿಲ್ಲ ಅನ್ನುವುದು 1992ರಿಂದ ಇರುವ ನಿಯಮ. ಗಾಬರಿಯಲ್ಲಿ ಅದು ನೆನಪಾಗಲಿಲ್ಲ.) ಬಹುಶಃ ಪಂದ್ಯಕ್ಕೆ ಸಂಬಂಧವಿಲ್ಲದ ಕೂಗು, ಜಿರಲೆಯೋ ಏನೋ ಅಂದುಕೊಂಡೆ. ಅರ್ಧ ನಿಮಿಷದಲ್ಲಿ ಮನುಷ್ಯ ಎಷ್ಟು ಸಮಾಧಾನಗಳನ್ನು ಹುಟ್ಟಿಸಿಕೊಳ್ಳಬಹುದು ಅಂತ ನನಗೆ ಅವತ್ತೇ ಗೊತ್ತಾದದ್ದು. ಅಷ್ಟರಲ್ಲಿ ಲೂನಾ ಓಡಿ ಬಂದರು, ಗೋಲಿ ಒಂದು ಕ್ಷಣ ತಡ ಮಾಡಿದ, ಚೆಂಡು ಲೂನಾ ಕಾಲಿಗೆ ಸಿಕ್ಕಿತು. 2–0.

ವರ್ಷಗಟ್ಟಲೆ ನಮ್ಮನ್ನು ಕಾಪಾಡಿದ ಗೋಲಿ ಅವನು. ಫಾರ್ವರ್ಡ್ ಹತ್ತು ಅವಕಾಶ ಕೆಡಿಸಿ ಒಂದು ಹೊಡೆದರೆ ಹೀರೋ, ಗೋಲಿ ಹತ್ತು ಉಳಿಸಿ ಒಂದು ಬಿಟ್ಟರೆ ಆ ಒಂದೇ ಮರುದಿನವಿಡೀ ಓಡುತ್ತದೆ. ಅಡುಗೆಯವರ ಪಾಡೂ ಹೀಗೇ ಅಂತ ಅಮ್ಮನ ಅಭಿಪ್ರಾಯ. ಉಪ್ಪು ಸರಿಯಿದ್ದ ದಿನ ಯಾರೂ ಉಪ್ಪಿನ ಸುದ್ದಿ ಎತ್ತುವುದಿಲ್ಲ.

90ನೇ ನಿಮಿಷಕ್ಕೆ ಮೇಲಿನ ಮನೆ ಇದ್ದಕ್ಕಿದ್ದಂತೆ ಮೌನವಾಯಿತು. ಕೂಗಿಗಿಂತ ಆ ಮೌನ ನನಗೆ ಇಂಪಾಗಿ ಕೇಳಿಸಿತು. ಎದ್ದು ನಿಂತೆ. ಸರಿಯಾಗಿ ಅರ್ಧ ನಿಮಿಷದ ಮೇಲೆ ಕರ್ಟಿಸ್ ಮೇನ್ ನಮಗೆ ಒಂದು ಗೋಲು ಹೊಡೆದರು. 2–1. ಅಲ್ಲಿಂದಾಚೆ ನಾನು ಪಂದ್ಯ ನೋಡಲಿಲ್ಲ, ತಾರಸಿಗೆ ಕಿವಿಯಿಟ್ಟು ನಿಂತಿದ್ದೆ, ಇನ್ನೊಂದು ಮೌನಕ್ಕಾಗಿ. ಬಂದದ್ದು ಚಪ್ಪಾಳೆ.

"ಮೇಲಿನವರು ಕೂಗಿದ್ರಲ್ಲ, ಅವರದ್ದೋ ನಮ್ಮದೋ?" ಅಂತ ಅಮ್ಮ ಕೇಳಿದಳು.

"ಅವರು ಕೂಗಿದ್ರೆ ಅವರದ್ದೇ ಅಮ್ಮ."

ಆದರೆ ಯೋಚಿಸಿದರೆ ಆ ರಾತ್ರಿ ಮೂರೂ ಗೋಲು ನಾವೇ ಮಾಡಿದ್ದು. ಒಂದು ನಮ್ಮ ತಲೆಯಿಂದ, ಒಂದು ನಮ್ಮ ಕಾಲಬಳಿಯಿಂದ, ಒಂದು ನ್ಯಾಯವಾಗಿ. ಮೂರು ಗೋಲು ಮಾಡಿಯೂ ಸೋತ ತಂಡದ ಅಭಿಮಾನಿ ನಾನು. ಇನ್ನೊಂದು ತಮಾಷೆಯೆಂದರೆ, ಅದೇ ಮಧ್ಯಾಹ್ನ ಚೀನಾದ ಹಾಂಗ್‌ಝೌನಲ್ಲಿ, ಏಷ್ಯನ್ ಗೇಮ್ಸಿನಲ್ಲಿ, ಭಾರತ ಬಾಂಗ್ಲಾದೇಶವನ್ನು 1–0 ಸೋಲಿಸಿತ್ತು. 85ನೇ ನಿಮಿಷದ ಆ ಪೆನಾಲ್ಟಿ ಹೊಡೆದವರು ನಮ್ಮ ಛೆಟ್ರಿ. ಮನೆಯ ಯಜಮಾನ ಊರಿನ ಕೆಲಸಕ್ಕೆ ಹೋಗಿ ಹೊಗಳಿಸಿಕೊಂಡ ದಿನವೇ ಮನೆಯಲ್ಲಿ ಹಾಲು ಉಕ್ಕಿತ್ತು.

ಸೀಸನ್ನಿನ ನಡುವೆ ಸೋತರೆ ಇಷ್ಟು ನೋಯುವುದಿಲ್ಲ. ಅಷ್ಟು ಹೊತ್ತಿಗೆ ತಂಡ ಏನು ಅಂತ ಗೊತ್ತಾಗಿರುತ್ತದೆ. ಮೊದಲ ಪಂದ್ಯಕ್ಕೆ ಮುಂಚೆ ಮಾತ್ರ ಎಲ್ಲರ ಹೆಸರಿನ ಮುಂದೆ ಸೊನ್ನೆ, ಎಲ್ಲರೂ ಚಾಂಪಿಯನ್ನರೇ. ಮಾರ್ಚಿನ ಫೈನಲ್ಲಿನಲ್ಲಿ ಪೆನಾಲ್ಟಿ ಶೂಟೌಟಿನಲ್ಲಿ ಸೋತಿದ್ದೆವು. ಅಲ್ಲಿಂದ ಆರು ತಿಂಗಳು ನಾನು ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಈ ತಂಡವನ್ನು ಮನಸ್ಸಿನಲ್ಲೇ ಆಡಿಸಿ ಗೆಲ್ಲಿಸಿದ್ದೆ. ರಾಯ್ ಕೃಷ್ಣ ಒಡಿಶಾಕ್ಕೆ ಹೋದರೆ ಹೋಗಲಿ, ಸಂದೇಶ್ ಝಿಂಗನ್ ಗೋವಾಕ್ಕೆ ಹೋದರೆ ಹೋಗಲಿ, ನನ್ನ ತಲೆಯೊಳಗಿನ ತಂಡ ಒಂದೂ ಪಂದ್ಯ ಸೋತಿರಲಿಲ್ಲ. ಕೊಚ್ಚಿಯಲ್ಲಿ ಸೋತದ್ದು ಆ ತಂಡ.

ಚಿಕ್ಕವನಿದ್ದಾಗ ಜೂನ್ ತಿಂಗಳಲ್ಲಿ ಹೊಸ ನೋಟ್‌ಬುಕ್ಕಿಗೆ ಖಾಕಿ ಕಾಗದದ ರಟ್ಟು ಹಾಕಿ, ಲೇಬಲ್ ಅಂಟಿಸಿ, ಮೊದಲ ಪುಟದಲ್ಲಿ ಉಸಿರು ಬಿಗಿಹಿಡಿದು ದುಂಡಗೆ ಬರೆಯುತ್ತಿದ್ದೆ. ಎರಡನೇ ಸಾಲಿಗೇ ಕಾಟು ಬೀಳುತ್ತಿತ್ತು. ಹಾಳೆ ಹರಿದುಬಿಡೋಣ ಅಂದರೆ ಅದು ನಡುವೆ ಪಿನ್ನು ಹೊಡೆದ ಪುಸ್ತಕ. ಮೊದಲ ಹಾಳೆ ಹರಿದರೆ ಕೊನೆಯ ಹಾಳೆಯೂ ಕಳಚಿಕೊಂಡು ಬರುತ್ತಿತ್ತು.

ಬೆಳಗ್ಗೆ ಎದ್ದವನೇ ಲೆಕ್ಕಕ್ಕೆ ಕೂತೆ. 12 ತಂಡ, ತಲಾ 22 ಪಂದ್ಯ, ಒಟ್ಟು 66 ಅಂಕ. ಹೋದದ್ದು 3, ಉಳಿದದ್ದು 63. ಮೊದಲ ಆರು ತಂಡಕ್ಕೆ ಪ್ಲೇ ಆಫ್. ಏನೂ ಆಗಿಲ್ಲ! ಗಣಿತದಲ್ಲಿ ಸದಾ ಮೂವತ್ತೈದಕ್ಕೆ ತೃಪ್ತನಾಗಿದ್ದವನು ಸೋತ ಮರುದಿನ ರಾಮಾನುಜನ್ ಆಗುತ್ತೇನೆ.

ಗಣಿತ ಸಮಾಧಾನ ಕೊಡದಿದ್ದರೆ ಜ್ಯೋತಿಷ ಇದ್ದೇ ಇದೆ. ಐಎಸ್‌ಎಲ್‌ಗೆ ಬಂದ ಮೇಲೆ ನಾವು ಸೀಸನ್ನಿನ ಮೊದಲ ಪಂದ್ಯ ಸೋತದ್ದು ಅದೇ ಮೊದಲು. 2017ರಲ್ಲಿ ಮುಂಬೈ ಸಿಟಿ ಮೇಲೆ 2–0 ಗೆದ್ದು ಶುರು ಮಾಡಿ ಫೈನಲ್ ಮುಟ್ಟಿದೆವು. 2018ರಲ್ಲಿ ಚೆನ್ನೈಯಿನ್ ಮೇಲೆ 1–0, ಆ ಸಲ ಕಪ್ಪೇ ಬಂತು. ಫೈನಲ್ಲಿನ ಹೆಚ್ಚುವರಿ ಸಮಯದಲ್ಲಿ ಗೋವಾ ವಿರುದ್ಧ ರಾಹುಲ್ ಭೇಕೆ ತಲೆಯಿಂದ ಗುದ್ದಿದ ಆ ಗೋಲನ್ನು ನಾನು ಈಗಲೂ ನಿದ್ದೆ ಬಾರದ ರಾತ್ರಿ ನೆನೆಸಿಕೊಳ್ಳುತ್ತೇನೆ. 2022ರಲ್ಲಿ ನಾರ್ತ್‌ಈಸ್ಟ್ ಮೇಲೆ ಗೆದ್ದು ಮತ್ತೆ ಫೈನಲ್. ಮೊದಲ ಪಂದ್ಯ ಹೇಗೋ ಸೀಸನ್ನು ಹಾಗೆ. 2021ರಲ್ಲಿ 4–2 ಗೆದ್ದು ಶುರು ಮಾಡಿ ಆರನೇ ಸ್ಥಾನಕ್ಕಿಳಿದದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಸಿದ್ಧಾಂತ ಮಾಡುವವರೆಲ್ಲ ಒಂದೆರಡನ್ನು ಬಿಟ್ಟೇ ಮಾಡುತ್ತಾರೆ.

ಈ ಊರಿಗೆ ಮೊದಲ ಪಂದ್ಯದ ಸೋಲು ಹೊಸದಲ್ಲ. 2008ರ ಏಪ್ರಿಲ್ 18ರಂದು ಐಪಿಎಲ್ ಅನ್ನುವುದು ಹುಟ್ಟಿದ್ದೇ ಚಿನ್ನಸ್ವಾಮಿಯಲ್ಲಿ. ಮೆಕಲಮ್ ಒಬ್ಬರೇ 158 ಹೊಡೆದರು, ಆರ್‌ಸಿಬಿಯ ಹನ್ನೊಂದು ಮಂದಿ ಸೇರಿ 82 ಮಾಡಿದರು. ಅಂಥದ್ದನ್ನು ಕಂಡು, 'ಈ ಸಲ ಕಪ್ ನಮ್ದೇ' ಅಂತ ಪ್ರತಿ ವರ್ಷ ಹೇಳಿದ ಊರು ಇದು. ಇನ್ನೂ ಹಿಂದಕ್ಕೆ ಹೋದರೆ 1948ರ ಜುಲೈ 31, ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡದ ಮೊದಲ ಪಂದ್ಯ, ಎದುರಿಗೆ ಫ್ರಾನ್ಸ್. ನಮ್ಮವರಲ್ಲಿ ಬಹುಪಾಲು ಬರಿಗಾಲು. ಎರಡು ಪೆನಾಲ್ಟಿ ಸಿಕ್ಕಿದವು, ಎರಡೂ ಹೋದವು. ನಮ್ಮ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಕೊನೆಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆಯಿತು. ಅದೂ 2–1. ಆಗ ಸುದ್ದಿ ತಲುಪುವಷ್ಟರಲ್ಲಿ ಮರುದಿನವೋ ಅದರಾಚೆಗೋ ಆಗಿರುತ್ತಿತ್ತು. ಹಲಸೂರಿನಲ್ಲಿ ಯಾರೋ ಒಬ್ಬ ಫುಟ್‌ಬಾಲ್ ಹುಚ್ಚ ಪೂರಾ ಒಂದು ದಿನ, ಆಗಲೇ ಸೋತುಹೋಗಿದ್ದ ಪಂದ್ಯವನ್ನು ಗೆಲ್ಲುತ್ತೇವೆ ಅಂತ ನಂಬಿಕೊಂಡು ಓಡಾಡಿರುತ್ತಾನೆ. ನನಗೆ ಸಿಕ್ಕಿದ್ದು ಅರ್ಧ ನಿಮಿಷ. ಅವನ ಮೇಲೆ ಹೊಟ್ಟೆಕಿಚ್ಚಾಗುತ್ತದೆ.

ಮರುದಿನ ಮೆಟ್ಟಿಲಲ್ಲಿ ಮೇಲಿನವರು ಎದುರಾದರು. ಅಣಕಿಸಲಿಲ್ಲ. ಅಣಕಿಸಿದ್ದರೆ ಸುಲಭವಿತ್ತು. "ನಿಮ್ಮ ಗೋಲಿ ಒಳ್ಳೆಯವನು, ಸಾರ್" ಅಂದರು ಮೃದುವಾಗಿ. ಗೆದ್ದವರ ಕರುಣೆ ಬೆಲ್ಲದ ಪಾಕದಂತೆ, ಸಿಹಿಯೂ ಹೌದು, ಬೆರಳೂ ಸುಡುತ್ತದೆ.

ಆಮೇಲಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಮುಂದಿನ ಪಂದ್ಯ ಮೋಹನ್ ಬಾಗಾನ್ ಎದುರು, ಅದೂ ಸೋಲು. ಮೂರನೆಯದು ಗೆದ್ದೆವು. ಡಿಸೆಂಬರಿಗೆ ಕೋಚ್ ಬದಲಾದರು. ಸೀಸನ್ ಮುಗಿದಾಗ 12 ತಂಡಗಳಲ್ಲಿ ನಾವು 10ನೆಯವರು. ಕೊನೆಯ ಹಾಳೆ ಕಳಚಿಯೇ ಬಂತು.

ನಡುವೆ 2024ರ ಮಾರ್ಚ್ 2, ಶನಿವಾರ, ಮರುಪಂದ್ಯ ಕಂಠೀರವದಲ್ಲಿ. ನಾನು ಮತ್ತು ಮೇಲಿನವರು ಒಟ್ಟಿಗೇ ಜಾಲಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಕಬ್ಬನ್ ಪಾರ್ಕಿನಲ್ಲಿ ಇಳಿದು, ಗೇಟಿನ ಹತ್ತಿರ ಬೇರೆಯಾದೆವು. ಅವರ ಜೊತೆ ಹೆಂಡತಿ ಮಕ್ಕಳೂ ಇದ್ದರು, ನಾಲ್ವರೂ ಅರಿಶಿನದ ಕೊಂಬಿನಂತೆ ಹಳದಿ. ಪಂದ್ಯ 89ನೇ ನಿಮಿಷದವರೆಗೂ 0–0. ಆಮೇಲೆ ಹಾವಿ ಹೆರ್ನಾಂಡೆಸ್ ಹೊಡೆದರು. ಮುನ್ಸೂಚನೆಯಿಲ್ಲ, ತಾರಸಿಯಿಲ್ಲ, ಅರ್ಧ ನಿಮಿಷದ ಅಂತರವಿಲ್ಲ. ಚೆಂಡು ಬಲೆಗೆ ಬಿದ್ದದ್ದಕ್ಕೂ ನಾನು ಕೂಗಿದ್ದಕ್ಕೂ ನಡುವೆ ಏನೂ ಇರಲಿಲ್ಲ. ಪಕ್ಕದಲ್ಲಿದ್ದ ಅಪರಿಚಿತನ ಪಾಪ್‌ಕಾರ್ನ್ ಪೂರಾ ನನ್ನ ತಲೆಯ ಮೇಲೆ.

ವಾಪಸ್ ಬರುವಾಗ ಮೆಟ್ರೊದಲ್ಲಿ ಮೇಲಿನವರ ಚಿಕ್ಕ ಮಗ ನನ್ನ ಭುಜಕ್ಕೊರಗಿ ನಿದ್ದೆ ಮಾಡಿದ. ಅವರು ಕಿಟಕಿಯಾಚೆ ನೋಡುತ್ತಿದ್ದರು. ನಾನು ಅವರ ಗೋಲಿಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು ಅಂತ ಯಶವಂತಪುರದವರೆಗೆ ಯೋಚಿಸಿದೆ, ಹೇಳಲಿಲ್ಲ.

ಅಮ್ಮ ಬಾಗಿಲು ತೆರೆದು ಮೊದಲು ನನ್ನ ಕೂದಲಲ್ಲಿದ್ದ ಪಾಪ್‌ಕಾರ್ನ್ ನೋಡಿದಳು, ಆಮೇಲೆ ತಾರಸಿಯ ಕಡೆ ನೋಡಿದಳು.

"ಏನೋ, ಮೇಲೆ ಇವತ್ತು ಒಂದು ಸದ್ದೂ ಇಲ್ಲ. ಮ್ಯಾಚೇ ನಡೀಲಿಲ್ವಾ?"