ಥಾಮಸ್ ಮಾನ್ ಮಹೋತ್ಸವ: ಮಾಡುವ ವಿಧಾನ

ದೊಡ್ಡ ಕಾದಂಬರಿಕಾರನೊಬ್ಬನ ಹೆಸರಲ್ಲಿ ಸಮ್ಮೇಳನ ನಡೆಸಲು ಮೊದಲು ಬೇಕಾದದ್ದು, ಒಂದು ಕಾಲಕ್ಕೆ ಆತನ ಮೇಲೆ ಹಲ್ಲು ಮಸೆದಿದ್ದ ಊರು. ಈ ವಿಷಯದಲ್ಲಿ ಉತ್ತರ ಜರ್ಮನಿಯ ಲ್ಯೂಬೆಕ್‌ಗೆ ಸಾಟಿಯಿಲ್ಲ. ಥಾಮಸ್ ಮಾನ್ ಹುಟ್ಟಿದ್ದು ಅಲ್ಲೇ, 1875ರ ಜೂನ್ 6ರಂದು. 1901ರಲ್ಲಿ ಒಂದು ವ್ಯಾಪಾರಿ ಕುಟುಂಬದ ಕಥೆಯಾದ ‘ಬುಡನ್‌ಬ್ರೂಕ್ಸ್’ ಕಾದಂಬರಿ ಬಂದಾಗ, ಯಾವ ಪಾತ್ರ ಯಾರ ಮನೆಯದು ಎಂದು ಪಟ್ಟಿ ಬರೆದು ಕೈಯಿಂದ ಕೈಗೆ ದಾಟಿಸಿದ್ದೇ ಊರಿನವರ ಸಾಹಿತ್ಯ ವಿಮರ್ಶೆ. 1913ರಲ್ಲಿ ಸ್ವಂತ ಚಿಕ್ಕಪ್ಪ ಫ್ರೀಡ್ರಿಖ್ ಮಾನ್ ಪತ್ರಿಕೆಗೆ ಜಾಹೀರಾತು ಕೊಟ್ಟು, ತನ್ನ ಗೂಡನ್ನೇ ಹೊಲಸು ಮಾಡುವ ಹಕ್ಕಿ ಇವನು ಎಂದು ಹಳಿದ. 1942ರ ಮಾರ್ಚ್‌ನಲ್ಲಿ ಬ್ರಿಟಿಷ್ ಬಾಂಬುಗಳು ಲ್ಯೂಬೆಕ್ ಮೇಲೆ ಬಿದ್ದವು. ಅಮೆರಿಕದಲ್ಲಿದ್ದ ಮಾನ್, ಜರ್ಮನ್ ಬಾಂಬುಗಳಿಗೆ ತುತ್ತಾದ ಇಂಗ್ಲೆಂಡಿನ ಕವೆಂಟ್ರಿ ಪಟ್ಟಣದ ಗತಿಯನ್ನು ನೆನೆದರೆ ತನ್ನ ತಕರಾರೇನೂ ಇಲ್ಲ ಎಂಬರ್ಥದ ಮಾತನ್ನು ಬಿಬಿಸಿ ರೇಡಿಯೋದಲ್ಲಿ ಆಡಿದ. ಅದು ಊರಿಗೆ ಬಹಳ ವರ್ಷ ಗಂಟಲಲ್ಲೇ ಉಳಿಯಿತು. ಕೊನೆಗೆ 1955ರ ಮೇ ತಿಂಗಳಲ್ಲಿ ಗೌರವ ಪೌರತ್ವ ಕೊಟ್ಟರು. ಆಗಸ್ಟ್ 12ಕ್ಕೆ ಮಾನ್ ತೀರಿಕೊಂಡ. ಜೀವಂತ ಗೌರವ ಪೌರನನ್ನು ಊರು ಮೂರು ತಿಂಗಳೂ ಸಹಿಸಬೇಕಾಗಿ ಬರಲಿಲ್ಲ.

ಇನ್ನು ಸ್ಥಳ. ಭಕ್ತರು ಫೋಟೋ ತೆಗೆಸಿಕೊಳ್ಳುವುದು ಮೆಂಗ್‌ಸ್ಟ್ರಾಸೆಯ 4ನೇ ನಂಬರಿನ ಬಿಳಿ ಮನೆಯ ಮುಂದೆ. ಕಾದಂಬರಿಯ ಬುಡನ್‌ಬ್ರೂಕ್ ಕುಟುಂಬದ ಮನೆಯೆಂದೇ ಅದು ಹೆಸರಾಗಿದೆ. ಅದು ಮಾನ್ ಹುಟ್ಟಿದ ಮನೆಯಲ್ಲ, ಅಜ್ಜ-ಅಜ್ಜಿಯದು. ಬಾಂಬಿನ ಬೆಂಕಿಯಲ್ಲಿ ಉಳಿದದ್ದು ಮುಂಗೋಡೆ ಮತ್ತು ಕಮಾನಿನ ನೆಲಮಾಳಿಗೆ ಮಾತ್ರ. ಅಂದರೆ ಎಂದೂ ಇಲ್ಲದಿದ್ದ ಒಂದು ಕುಟುಂಬ ವಾಸವಾಗಿದ್ದ, ಹೆಚ್ಚುಕಮ್ಮಿ ಇಲ್ಲದ ಮನೆಗೆ ಯಾತ್ರೆ. ಅದೂ 2020ರಿಂದ ನವೀಕರಣಕ್ಕೆಂದು ಮುಚ್ಚಿದೆ. 2025ರಲ್ಲಿ 150ನೇ ಹುಟ್ಟುಹಬ್ಬ ಬಂತು, ಭಾಷಣಕಾರರು ಬಂದರು, ಬಾಗಿಲು ತೆರೆಯಲಿಲ್ಲ. ಆ ಹುಟ್ಟುಹಬ್ಬ ಯಾವ ವರ್ಷ ಬೀಳುತ್ತದೆಂಬುದು 1875ರಿಂದಲೇ ಗೊತ್ತಿದ್ದ ಸಂಗತಿ ಎಂದು ಯಾರಾದರೂ ತೆಗೆದರೆ, ತಕ್ಷಣ ಚಹಾ ವಿರಾಮ ಘೋಷಿಸುವುದು ಒಳ್ಳೆಯದು.

ಚಹಾದ ಜೊತೆ ಮಾರ್ಜಿಪಾನ್. ಈ ಸಿಹಿಗೆ ಲ್ಯೂಬೆಕ್ ಹೆಸರು ಇಡಬೇಕಾದರೆ 100 ಪಾಲಿನಲ್ಲಿ ಕನಿಷ್ಠ 70 ಪಾಲು ಬಾದಾಮಿಯ ಮೂಲಮಿಶ್ರಣ ಇರಬೇಕು. ಮೇಲಿಂದ ಸೇರಿಸುವ ಸಕ್ಕರೆ 30 ದಾಟುವಂತಿಲ್ಲ. ಸ್ವಾಗತ ಭಾಷಣದಲ್ಲಿ ಕಾದಂಬರಿ ಎಷ್ಟು ಪಾಲಿರಬೇಕು ಎಂಬುದಕ್ಕೆ ಮಾತ್ರ ಇಂಥ ಕಟ್ಟಳೆಯಿಲ್ಲ.

ಪ್ರಬಂಧ ಮಂಡನೆಗೆ 20 ನಿಮಿಷ, ಚರ್ಚೆಗೆ 10. ಒಂದು ಪುಟ ಓದಲು ಎರಡು ನಿಮಿಷ ಬೇಕು, ಹಾಗಾಗಿ 10 ಪುಟ ಸಾಕು. ವಿದ್ವಾಂಸರು ತರುವುದು 16. ಹನ್ನೊಂದನೇ ಪುಟಕ್ಕೆ ಅಧ್ಯಕ್ಷರಿಂದ ಚೀಟಿ ಹೋಗುತ್ತದೆ. ಆಗ ‘ಇದನ್ನು ಬಿಟ್ಟುಬಿಡುತ್ತೇನೆ’ ಎಂದು, ಬಿಟ್ಟದ್ದರಲ್ಲಿ ಏನೇನಿತ್ತೆಂದು ವಿವರಿಸುತ್ತಾರೆ. ಮೂರನೆಯವರ ಹೊತ್ತಿಗೆ ಚರ್ಚೆಯ ಸಮಯ ಪೂರ್ತಿ ಕರಗಿರುತ್ತದೆ. ಇಪ್ಪತ್ತೈದರ ಹುಡುಗನಾಗಿದ್ದ ಮಾನ್‌ಗೆ ಹಸ್ತಪ್ರತಿಯನ್ನು ಅರ್ಧಕ್ಕಿಳಿಸು ಎಂದು ಪ್ರಕಾಶಕ ಫಿಷರ್ ಕೇಳಿದಾಗ ಆತ ಒಪ್ಪಲಿಲ್ಲ. ಮಾನ್ ವಿದ್ವಾಂಸರು ಗುರುವಿನಿಂದ ನಿಷ್ಠೆಯಿಂದ ಕಲಿತದ್ದು ಅದೊಂದನ್ನೇ.

ಉಲ್ಲೇಖ ತಪ್ಪಿದರೆ ಗಾಬರಿ ಬೇಡ, ದೊಡ್ಡ ಪೂರ್ವನಿದರ್ಶನವೇ ಇದೆ. 1946ರಲ್ಲಿ ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಬ್ರಿಟಿಷ್ ಅಭಿಯೋಜಕ ಶಾಕ್ರಾಸ್, ಜರ್ಮನ್ ಮಹಾಕವಿ ಗಯಟೆಯ ಮಾತೆಂದು ಗಂಭೀರವಾಗಿ ಓದಿದ್ದು ಮಾನ್‌ನ ‘ಲೊಟ್ಟೆ ಇನ್ ವೈಮಾರ್’ ಕಾದಂಬರಿಯ ಸಾಲುಗಳನ್ನು. ವಿಚಾರಿಸಿದಾಗ, ಗಯಟೆ ಹೀಗೆ ಹೇಳಬಹುದಾಗಿತ್ತು ಎಂದು ಮಾನ್ ಜಾಮೀನು ಕೊಟ್ಟ. ಮಹಾಪುರುಷನ ದರ್ಶನಕ್ಕೆ ಮುಗಿಬೀಳುವವರನ್ನು ಗೇಲಿ ಮಾಡಿದ ಕಾದಂಬರಿ ಅದು. ಅದರ ಮೇಲೂ ಒಂದು ಗೋಷ್ಠಿ ಇಟ್ಟುಕೊಳ್ಳಬಹುದು, ಕುರ್ಚಿ ಸಾಲದೇ ಬರುತ್ತದೆ.

‘ಮಾನ್ ಮತ್ತು ಭಾರತ’ ಗೋಷ್ಠಿ ಊಟವಾದ ಮೇಲೆ, ಚಿಕ್ಕ ಕೋಣೆಯಲ್ಲಿ. ತಲೆಗಳು ಅದಲುಬದಲಾದ ನಮ್ಮ ಬೇತಾಳ ಕಥೆ ಮಾನ್‌ನ ಕೈಗೆ ಹೋಗಿ 1940ರಲ್ಲಿ ಜರ್ಮನ್ ಕಿರುಕಾದಂಬರಿಯಾಯಿತು. ಅದನ್ನು ಗಿರೀಶ ಕಾರ್ನಾಡರು ಕನ್ನಡಕ್ಕೆ ಎಳೆದು ತಂದು ‘ಹಯವದನ’ ಮಾಡಿದರು. ತಲೆಯ ಜೊತೆಗೊಂದು ಕುದುರೆಯನ್ನೂ ಸೇರಿಸಿದರು. ಆ ಹೊತ್ತಿನಲ್ಲಿ ಕೋಣೆಯಲ್ಲಿರುವವರ ತಲೆಗಳೂ ಪಕ್ಕದವರ ಹೆಗಲ ಮೇಲಿರುತ್ತವೆ.

ಉದ್ಘಾಟನೆಗೆ ಯಾವ ಭಾಗ ವಾಚಿಸಬೇಕು ಎಂಬುದು ಮುಖ್ಯ. ‘ಬುಡನ್‌ಬ್ರೂಕ್ಸ್’ ಶುರುವಾಗುವುದೇ 1835ರ ಗೃಹಪ್ರವೇಶದ ಭರ್ಜರಿ ಊಟದಿಂದ, ಅದು ಕ್ಷೇಮ. ಅಪ್ಪಿತಪ್ಪಿಯೂ ತೆರೆಯಬಾರದ್ದು ವ್ಯಾಪಾರ ಸಂಸ್ಥೆಯ ಶತಮಾನೋತ್ಸವದ ಅಧ್ಯಾಯ. ಧ್ವಜಗಳು ಹಾರುತ್ತಿವೆ, ನಿಯೋಗದ ಮೇಲೆ ನಿಯೋಗ ಅಭಿನಂದನೆಗೆ ಬರುತ್ತಿದೆ, ಕೆಳಗೆ ವಾದ್ಯಮೇಳ. ಮಗು ಹಾನ್ನೊ ಕವಿತೆ ಒಪ್ಪಿಸಲು ನಿಂತು ಅಪ್ಪನ ಗದರಿಕೆಗೆ ಅತ್ತುಬಿಡುತ್ತಾನೆ. ಆ ಅಪ್ಪ, ಸಂಸ್ಥೆಯ ಯಜಮಾನ ಥಾಮಸ್ ಬುಡನ್‌ಬ್ರೂಕ್, ಹೊಲದಲ್ಲಿ ನಿಂತಿದ್ದ ಬೆಳೆಯನ್ನೇ ಮುಂಗಡ ಖರೀದಿಸಿ ಪಣ ಕಟ್ಟಿದ್ದ. ಸಂಗೀತದ ನಡುವೆ ತಂತಿ ಬರುತ್ತದೆ: ಆಲಿಕಲ್ಲಿಗೆ ಬೆಳೆ ನಾಶ. ಅತಿಥಿಗಳು ಮಾತ್ರ ಬರುತ್ತಲೇ ಇರುತ್ತಾರೆ. ಉತ್ಸವಕ್ಕೂ ಒಳಗಿನ ಲೆಕ್ಕಪುಸ್ತಕಕ್ಕೂ ಇರುವ ದೂರವನ್ನು ಇಷ್ಟು ಕರಾರುವಾಕ್ಕಾಗಿ ಅಳೆದ ಪುಟಗಳನ್ನು ಪ್ರಾಯೋಜಕರ ಮುಂದಿನ ಸಾಲಿಗೆ ಓದಿ ಹೇಳುವುದು ಸಭ್ಯತೆಯಲ್ಲ.

ಕಡೆಗೆ ವಂದನಾರ್ಪಣೆ, ಅದರಲ್ಲೇ ಮುಂದಿನ ದಿನಾಂಕ ಹೇಳಿಬಿಡಬೇಕು. ಕಾದಂಬರಿ 1901ರದು, ಅದಕ್ಕೆ 2026ರಲ್ಲಿ 125. ನೊಬೆಲ್ 1929ರದು, ಅದರ ಶತಮಾನ 2029ರಲ್ಲಿ. 2030ಕ್ಕೆ ಲೇಖಕ ಸತ್ತು 75 ವರ್ಷ. ಹೋಟೆಲ್ ಕೋಣೆಗಳನ್ನು ಈಗಲೇ ಹಿಡಿಯಿರಿ. ಪುಸ್ತಕ ಗ್ರಂಥಾಲಯದಲ್ಲಿ ಯಾವಾಗ ಹೋದರೂ ಸಿಗುತ್ತದೆ.