ಎಂಡ್‌ಗೇಮ್‌ನ ಟೈಮ್ ಟ್ರಾವೆಲ್‌ಗೆ ಲಾಜಿಕ್ ಇದೆಯೇ?

‘ಅವೆಂಜರ್ಸ್: ಎಂಡ್‌ಗೇಮ್’ ತೆರೆಕಂಡದ್ದು 2019ರ ಏಪ್ರಿಲ್‌ನಲ್ಲಿ. ಖಳನಾಯಕ ಥಾನೋಸ್ ಇನ್ಫಿನಿಟಿ ಸ್ಟೋನ್ ಎಂಬ ಆರು ಶಕ್ತಿಶಾಲಿ ಕಲ್ಲುಗಳನ್ನು ಕೂಡಿಹಾಕಿ, ಒಂದು ಚಿಟಿಕೆ ಹೊಡೆದು ಜಗತ್ತಿನ ಅರ್ಧ ಜೀವಿಗಳನ್ನು ಅಳಿಸಿದ್ದ. ಅವರನ್ನು ಮರಳಿ ತರಲು ಅವೆಂಜರ್ಸ್ ತಂಡ ಹಿಂದಿನ ಕಾಲಗಳಿಗೆ ಹೋಗಿ ಆ ಸ್ಟೋನ್‌ಗಳನ್ನು ತರುತ್ತದೆ. ಥಾನೋಸ್ ಸೋತ ಬಗ್ಗೆ ಯಾರಿಗೂ ತಕರಾರಿಲ್ಲ, ಅವನನ್ನು ಸೋಲಿಸಲು ಬಳಸಿದ ಟೈಮ್ ಟ್ರಾವೆಲ್ ಬಗ್ಗೆ ಮಾತ್ರ ಅಭಿಮಾನಿಗಳ ಜಗಳ ಇನ್ನೂ ನಿಂತಿಲ್ಲ. ಚಿತ್ರ ತಾನೇ ಹಾಕಿಕೊಂಡ ನಿಯಮವನ್ನು ಕೊನೆಯವರೆಗೂ ಪಾಲಿಸಿದೆಯೇ? ಇಬ್ಬರು ಇಲ್ಲಿ ವಾದಿಸಿದ್ದಾರೆ.

ಪರ: ನಿಯಮ ಒಂದೇ, ಅದು ಎಲ್ಲೂ ಮುರಿದಿಲ್ಲ

ಎಂಡ್‌ಗೇಮ್‌ನಲ್ಲಿ ತಪ್ಪು ಹುಡುಕುವವರು ಹೆಚ್ಚಾಗಿ ಬೇರೆ ಸಿನಿಮಾದ ನಿಯಮ ಹಿಡಿದುಕೊಂಡು ಇದನ್ನು ಅಳೆಯುತ್ತಾರೆ. 1985ರ ‘ಬ್ಯಾಕ್ ಟು ದಿ ಫ್ಯೂಚರ್’ನಲ್ಲಿ ಹುಡುಗ ಹಿಂದಕ್ಕೆ ಹೋಗಿ ಅಪ್ಪ ಅಮ್ಮ ಒಂದಾಗುವುದಕ್ಕೆ ಅಡ್ಡಬಂದಾಗ, ಅವನ ಬಳಿಯಿದ್ದ ಫೋಟೊದಿಂದ ಅಣ್ಣನೂ ಅಕ್ಕನೂ ಅಳಿಸಿಹೋಗುತ್ತಾ ಬರುತ್ತಾರೆ. 2014ರ ‘ಎಕ್ಸ್-ಮೆನ್: ಡೇಸ್ ಆಫ್ ಫ್ಯೂಚರ್ ಪಾಸ್ಟ್’ನಲ್ಲಿ ವುಲ್ವರಿನ್‌ನ ಪ್ರಜ್ಞೆಯನ್ನಷ್ಟೇ 1973ಕ್ಕೆ ಕಳಿಸುತ್ತಾರೆ. ಅಲ್ಲಿನ ಕೆಲಸ ಕೈಗೂಡಿದೊಡನೆ ಹಾಳಾಗಿದ್ದ ಭವಿಷ್ಯವೇ ಬದಲಾಗುತ್ತದೆ. ಇವೆರಡರಲ್ಲೂ ಕಾಲಕ್ಕೆ ಇರುವುದು ಒಂದೇ ಗೆರೆ, ಅದನ್ನು ಅಳಿಸಿ ಮತ್ತೆ ಎಳೆಯಬಹುದು.

ಎಂಡ್‌ಗೇಮ್‌ನಲ್ಲಿ ಅಳಿಸುವ ಮಾತೇ ಇಲ್ಲ. ಹಿಂದಕ್ಕೆ ಹೋಗಿ ತೊಟ್ಟಿಲಲ್ಲಿರುವ ಥಾನೋಸ್‌ನನ್ನೇ ಮುಗಿಸಿಬಿಡೋಣ ಎಂದು ತಂಡದ ರೋಡಿ ಸೂಚಿಸಿದಾಗ ವಿಜ್ಞಾನಿ ಬ್ಯಾನರ್ (ಹಲ್ಕ್) ಕೊಡುವ ಉತ್ತರದಲ್ಲಿ ಇಡೀ ಚಿತ್ರದ ನಿಯಮವಿದೆ. ನೀನು ಹಿಂದಕ್ಕೆ ಹೋದರೆ ಆ ಹಿಂದಿನ ಕಾಲವೇ ನಿನ್ನ ಮುಂದಿನ ಬದುಕು. ನೀನು ಬಿಟ್ಟುಬಂದ ಕಾಲ ನಿನ್ನ ಪಾಲಿಗೆ ಆಗಿಹೋದದ್ದು, ಆಗಿಹೋದದ್ದನ್ನು ಇನ್ನು ನೀನು ಏನು ಮಾಡಿದರೂ ತಿದ್ದಲು ಬರುವುದಿಲ್ಲ. ಥಿಯೇಟರಿನಲ್ಲಿ ಈ ಮಾತು ಸರ್ರನೆ ಹಾದುಹೋಗುತ್ತದೆ. ಇದನ್ನು ಸರಿಯಾಗಿ ಕೇಳಿಸಿಕೊಂಡವರಿಗೆ ಮುಂದಿನ ಎರಡು ಗಂಟೆ ಗೊಂದಲ ಹುಟ್ಟಿಸುವುದಿಲ್ಲ.

ಈ ನಿಯಮಕ್ಕೆ ಚಿತ್ರ ಕೊಡುವ ಅತಿ ಗಟ್ಟಿ ಸಾಕ್ಷಿ ಥಾನೋಸ್‌ನ ಸಾಕುಮಗಳು ನೆಬ್ಯುಲಾ. 2014ರಿಂದ ಬಂದ ನೆಬ್ಯುಲಾಗೆ ಕತೆಯ ವರ್ತಮಾನವಾದ 2023ರ ನೆಬ್ಯುಲಾ ಗುಂಡು ಹೊಡೆದು ಕೊಲ್ಲುತ್ತಾಳೆ. ತನ್ನದೇ ಕಿರಿಯ ರೂಪವನ್ನು ಕೊಂದ ಮೇಲೂ ಅವಳು ಮಾಯವಾಗುವುದಿಲ್ಲ, ಮಸುಕಾಗುವುದೂ ಇಲ್ಲ. ಸತ್ತವಳು ಇವಳ ಹಿಂದಿನ ದಿನವಲ್ಲ, ಬೇರೆ ಕವಲಿನಲ್ಲಿ, ಅಂದರೆ ಕಾಲದ ಬೇರೊಂದು ಹಾದಿಯಲ್ಲಿ, ಬೆಳೆದ ಬೇರೆ ವ್ಯಕ್ತಿ. ಥಾನೋಸ್‌ನದೂ ಇದೇ ಲೆಕ್ಕ. 2014ರ ಥಾನೋಸ್ ತನ್ನ ಇಡೀ ಸೈನ್ಯದೊಂದಿಗೆ 2023ರಲ್ಲಿ ಧೂಳಾಗುತ್ತಾನೆ. ಹಾಗಿದ್ದರೆ 2018ರಲ್ಲಿ ಚಿಟಿಕೆ ಹೊಡೆದವರು ಯಾರು ಎಂದು ಕೇಳುವವರು ಈಗಲೂ ಇದ್ದಾರೆ. 2018ರಲ್ಲಿ ಚಿಟಿಕೆ ಹೊಡೆದ ಥಾನೋಸ್‌ನ ತಲೆಯನ್ನು ಚಿತ್ರದ ಮೊದಲ ಭಾಗದಲ್ಲೇ ಥಾರ್ ಕಡಿದಿದ್ದಾನೆ. ಅವನ ಬದುಕು ಪೂರ್ತಿಯಾಗಿ ನಡೆದು ಮುಗಿದಿದೆ. ನೆಬ್ಯುಲಾಳ ಸೋದರಿ, ವೊರ್ಮಿರ್ ಗ್ರಹದಲ್ಲಿ ಸತ್ತ ಗಮೋರಾ ಬದುಕಿ ಬರುವುದಿಲ್ಲ. ಕೊನೆಯಲ್ಲಿ ಉಳಿಯುವವಳು ಪ್ರಿಯಕರ ಕ್ವಿಲ್‌ನ ಗುರುತೇ ಇಲ್ಲದ 2014ರ ಗಮೋರಾ. ಚಿತ್ರಕ್ಕೆ ನಿಯಮದ ಮೇಲೆ ಶ್ರದ್ಧೆ ಇಲ್ಲದಿದ್ದರೆ ಪ್ರೇಕ್ಷಕರ ಖುಷಿಗಾಗಿ ಹಳೆಯ ಗಮೋರಾಳನ್ನೇ ತಂದುಬಿಡುತ್ತಿತ್ತು.

ಇದಕ್ಕೆ ಭೌತಶಾಸ್ತ್ರದ ಬೇರು ಇದೆ. ಟೋನಿ (ಐರನ್ ಮ್ಯಾನ್) ತನ್ನ ಮನೆಯಲ್ಲಿ ‘ಡಾಯ್ಚ್ ಪ್ರಾಪೊಸಿಷನ್’ ಎನ್ನುತ್ತಾನಲ್ಲ, ಆ ಹೆಸರು ಸುಮ್ಮನೆ ಬಂದದ್ದಲ್ಲ. ಭೌತವಿಜ್ಞಾನಿ ಡೇವಿಡ್ ಡಾಯ್ಚ್ 1991ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕಾಲದಲ್ಲಿ ಹಿಂದಕ್ಕೆ ಸುತ್ತಿಬರುವ ದಾರಿಗಳನ್ನು ಕ್ವಾಂಟಮ್ ಸಿದ್ಧಾಂತದಿಂದ ಪರಿಶೀಲಿಸಿದರು. ಅನೇಕ ಜಗತ್ತುಗಳಿವೆ ಎಂದು ಒಪ್ಪಿದರೆ ಅಜ್ಜನನ್ನು ಕೊಂದ ಮೊಮ್ಮಗ ಹುಟ್ಟಿದ್ದು ಹೇಗೆ ಎಂಬ ವಿರೋಧಾಭಾಸ ಏಳುವುದಿಲ್ಲ. ಅವನು ಹುಟ್ಟಿದ್ದು ಒಂದು ಜಗತ್ತಿನಲ್ಲಿ, ಕೊಂದದ್ದು ಇನ್ನೊಂದರಲ್ಲಿ.

ಇನ್ನು ಸ್ಟೋನ್‌ಗಳ ಲೆಕ್ಕ. ಸ್ಟೋನ್ ತೆಗೆದರೆ ಆ ಕವಲು ತನ್ನ ರಕ್ಷಣೆಯನ್ನೇ ಕಳೆದುಕೊಳ್ಳುತ್ತದೆ ಎಂದು ನ್ಯೂಯಾರ್ಕಿನ ತಾರಸಿಯ ಮೇಲೆ ಟೈಮ್ ಸ್ಟೋನ್ ಕಾಯುವ ಏನ್ಷಿಯೆಂಟ್ ಒನ್ ಎಚ್ಚರಿಸುತ್ತಾಳೆ. ತೆಗೆದ ಗಳಿಗೆಗೇ ವಾಪಸ್ ಇಡುತ್ತೇವೆ ಎಂದು ಬ್ಯಾನರ್ ಮಾತು ಕೊಡುತ್ತಾನೆ. ಕೊನೆಯಲ್ಲಿ ಸ್ಟೀವ್ (ಕ್ಯಾಪ್ಟನ್ ಅಮೆರಿಕ) ಆ ಮಾತನ್ನು ಉಳಿಸುತ್ತಾನೆ. ಟೈಮ್ ಮತ್ತು ಮೈಂಡ್ ಸ್ಟೋನ್‌ಗಳು 2012ರ ನ್ಯೂಯಾರ್ಕಿಗೆ, ಸ್ಪೇಸ್ 1970ರ ಸೇನಾನೆಲೆ ಕ್ಯಾಂಪ್ ಲೀಹಾಯ್‌ಗೆ, ರಿಯಾಲಿಟಿ 2013ರಲ್ಲಿದ್ದ ಥಾರ್‌ನ ನಾಡು ಆಸ್ಗಾರ್ಡ್‌ಗೆ, ಪವರ್ ಮತ್ತು ಸೋಲ್ 2014ರ ಮೊರಾಗ್, ವೊರ್ಮಿರ್ ಗ್ರಹಗಳಿಗೆ ಹೋಗಬೇಕು. ಥಾರ್ 2013ರಿಂದ ಹೊತ್ತು ತಂದ ಮ್ಯೋಲ್ನಿರ್ ಸುತ್ತಿಗೆ ಕೂಡ ಸ್ಟೀವ್‌ನ ಕೈಯಲ್ಲಿದೆ, ಅದನ್ನೂ ಮರೆತಿಲ್ಲ. ಇಷ್ಟು ಓಡಾಟಕ್ಕೆ ಬೇಕಾದ ಇಂಧನ, ಅಂದರೆ ಪಿಮ್ ಪಾರ್ಟಿಕಲ್ಸ್, ಎಲ್ಲಿಂದ ಬಂತು ಎಂಬ ಪ್ರಶ್ನೆಗೂ ಚಿತ್ರದಲ್ಲೇ ಉತ್ತರವಿದೆ. ಅಳಿದವರನ್ನು ಮರಳಿಸಿದ ಹಲ್ಕ್‌ನ ಚಿಟಿಕೆಯಿಂದ ಹ್ಯಾಂಕ್ ಪಿಮ್ ಮರಳಿ ಬಂದಿದ್ದಾರೆ, ಟೋನಿಯ ಅಂತ್ಯಸಂಸ್ಕಾರದಲ್ಲಿ ನಿಂತಿರುವುದು ಕಾಣುತ್ತದೆ. ತಯಾರಿಸುವವರೇ ಬಂದ ಮೇಲೆ ಕೊರತೆ ಎಲ್ಲಿ?

ಎಲ್ಲರೂ ಹಿಡಿದುಕೊಳ್ಳುವುದು ಕೆರೆಯ ದಡದ ಬೆಂಚನ್ನು. ಸ್ಟೋನ್ ಇಟ್ಟುಬರಲು ಹೋದ ಸ್ಟೀವ್ ಹಿಂದಿನ ಕಾಲದಲ್ಲೇ ಉಳಿದು ಪ್ರೇಯಸಿ ಪೆಗ್ಗಿ ಜೊತೆ ಬಾಳುತ್ತಾನೆ, ಕೊನೆಗೆ ಮುದುಕನಾಗಿ ಆ ಬೆಂಚಿನ ಮೇಲೆ ಕಾಣಿಸಿಕೊಳ್ಳುತ್ತಾನೆ. ಸ್ಟೀವ್ ಬೇರೆ ಕವಲಿನಲ್ಲಿ ಪೆಗ್ಗಿ ಜೊತೆ ಬಾಳಿದ್ದರೆ ಟೈಮ್ ಮೆಷಿನ್ನಿನ ಪ್ಲಾಟ್‌ಫಾರ್ಮ್ ಮೇಲೆ ಇಳಿಯಬೇಕಿತ್ತು, ಬೆಂಚಿನ ಮೇಲೆ ಕುಳಿತಿರುವುದು ಹೇಗೆ ಎನ್ನುತ್ತಾರೆ. ಹಿಂದಿನ ಪಯಣಗಳನ್ನು ಇನ್ನೊಮ್ಮೆ ನೋಡಿ. 2012ರ ನ್ಯೂಯಾರ್ಕಿನಲ್ಲಿ ಅವರು ಇಳಿದದ್ದು ಬೀದಿಯಲ್ಲಿ, ಅಲ್ಲಿ ಪ್ಲಾಟ್‌ಫಾರ್ಮ್ ಇರಲಿಲ್ಲ. ಸ್ಪೇಸ್ ಸ್ಟೋನ್ ಇರುವ ಟೆಸರಾಕ್ಟ್ ಕೈತಪ್ಪಿದಾಗ ಟೋನಿ ಮತ್ತು ಸ್ಟೀವ್ 2012ರಿಂದ ನೇರವಾಗಿ 1970ಕ್ಕೆ ಜಿಗಿದರು. ಆಗ ಹೊರಟ ಕಡೆಯೂ ಪ್ಲಾಟ್‌ಫಾರ್ಮ್ ಇಲ್ಲ, ಇಳಿದ ಕಡೆಯೂ ಇಲ್ಲ. ದಾರಿ ತೋರಿಸುವುದು ಮುಂಗೈಯ ಜಿಪಿಎಸ್. ಹಾಗಾಗಿ ಅವನು ಕೆರೆ ದಡದಲ್ಲಿ ಇಳಿಯುವುದಕ್ಕೆ ಅಡ್ಡಿಯೇನೂ ಇಲ್ಲ. ಇದಕ್ಕಿಂತ ದೊಡ್ಡ ಪುರಾವೆ ಗುರಾಣಿ. ಸ್ಟೀವ್‌ನ ಗುರಾಣಿಯನ್ನು ಯುದ್ಧದಲ್ಲಿ ಥಾನೋಸ್ ಕತ್ತರಿಸಿ ಅರ್ಧ ಮಾಡಿದ್ದ, ಮುದುಕ ಸ್ಟೀವ್ ಗೆಳೆಯ ಸ್ಯಾಮ್‌ಗೆ ಕೊಡುವುದು ಇಡಿಯಾದ ಗುರಾಣಿ. ಅದು ಬೇರೆ ಕವಲಿನ ಗುರಾಣಿ, ತಂದವನು ಆ ಕವಲಿನಿಂದ ಬಂದವನು.

ಚಿತ್ರ ಮಾಡಿದವರಲ್ಲಿ ಯಾರು ಸಂದರ್ಶನಗಳಲ್ಲಿ ಏನು ಹೇಳಿದರು ಎಂಬುದರ ಮೇಲೆ ತೀರ್ಪು ಕೊಡಬಾರದು, ಪರದೆಯ ಮೇಲಿರುವುದಷ್ಟೇ ಪ್ರಮಾಣ. 2014ರಿಂದ ಥಾನೋಸ್ ಏರಿ ಬಂದ ಹಡಗಿನ ವಿಷಯ ಎತ್ತುವವರಿಗೂ ಒಂದು ಮಾತು. ಅಷ್ಟು ದೊಡ್ಡ ಹಡಗು ಬಂದದ್ದು ಹೇಗೆ ಎನ್ನುವುದು ಇಂಧನದ ಪ್ರಶ್ನೆ. ಕಾಲದ ತರ್ಕಕ್ಕೂ ಅದಕ್ಕೂ ಸಂಬಂಧವಿಲ್ಲ.

ವಿರೋಧ: ಕೊನೆಯ ದೃಶ್ಯ ಎಲ್ಲವನ್ನೂ ಕೆಡಿಸಿತು

ವಿರೋಧದ ಪಕ್ಷ ನನಗೆ ಕೊಟ್ಟದ್ದು. ಚಿತ್ರದ ಮುಕ್ಕಾಲು ಭಾಗದವರೆಗೆ ನಾನೂ ಒಪ್ಪುತ್ತೇನೆ. ಬ್ಯಾನರ್‌ನ ವಿವರಣೆ ಸ್ಪಷ್ಟವಾಗಿದೆ. ಕ್ವಾಂಟಮ್ ರೆಲ್ಮ್ ಎಂಬ ಅಣುವಿಗಿಂತ ಸಣ್ಣ ಲೋಕದಲ್ಲಿ ಐದು ಗಂಟೆ ಇದ್ದ ಸ್ಕಾಟ್‌ಗೆ (ಆಂಟ್-ಮ್ಯಾನ್) ಹೊರಗೆ ಐದು ವರ್ಷ ಕಳೆದಿತ್ತು ಎಂಬಲ್ಲಿಂದ ಕತೆ ಹೆಣೆದ ಬಗೆಯೂ ಚೆನ್ನಾಗಿದೆ. ತಕರಾರು ಇರುವುದು ಆ ನಿಯಮ ಎಲ್ಲಿಯವರೆಗೆ ಉಳಿಯಿತು ಎಂಬುದರಲ್ಲಿ.

ಪರ ವಾದಿಸುವವರ ಕೈಯಲ್ಲಿ ಒಂದು ಉತ್ತರ ಸದಾ ಸಿದ್ಧವಾಗಿರುತ್ತದೆ: ಅದು ಬೇರೆ ಕವಲು. ನೆಬ್ಯುಲಾ ಯಾಕೆ ಉಳಿದಳು? ಬೇರೆ ಕವಲು. ಗುರಾಣಿ ಎಲ್ಲಿಂದ ಬಂತು? ಬೇರೆ ಕವಲು. ಹೀಗೆ ಹೇಳುತ್ತಾ ಹೋದರೆ ಯಾವ ಚಿತ್ರದಲ್ಲೂ ತಪ್ಪು ಉಳಿಯುವುದಿಲ್ಲ.

ಏನ್ಷಿಯೆಂಟ್ ಒನ್ ಮಾತನ್ನೇ ನೋಡಿ. ಗಾಳಿಯಲ್ಲಿ ಹೊಳೆಯುವ ಗೆರೆಯೊಂದನ್ನು ಎಳೆದು, ಸ್ಟೋನ್ ತೆಗೆದಾಗ ಅದರಿಂದ ಕಪ್ಪು ಕವಲೊಂದು ಒಡೆಯುವುದನ್ನು ಅವಳು ತೋರಿಸುತ್ತಾಳೆ. ಬ್ಯಾನರ್ ಸ್ಟೋನ್ ವಾಪಸ್ ಇಟ್ಟಂತೆ ಮಾಡಿದಾಗ ಆ ಕವಲು ಅಳಿಸಿಹೋಗುತ್ತದೆ. ಬ್ಯಾನರ್ ರೋಡಿಗೆ ಹೇಳಿದ ನಿಯಮ ಇದಲ್ಲ. ಅಲ್ಲಿ ಯಾವ ಬದಲಾವಣೆಯಾದರೂ ನಮ್ಮ ಕಾಲಕ್ಕೆ ತಟ್ಟುವುದಿಲ್ಲ ಎಂದಿದ್ದ, ಇಲ್ಲಿ ಕವಲು ಹುಟ್ಟುವುದೂ ಅಳಿಯುವುದೂ ಸ್ಟೋನ್‌ನಿಂದ. ಇನ್ನು 2012ರಲ್ಲಿ ನಡೆದದ್ದನ್ನು ನೆನೆಸಿಕೊಳ್ಳಿ. ಸೆರೆಯಲ್ಲಿದ್ದ ಥಾರ್‌ನ ತಮ್ಮ ಲೋಕಿ ಟೆಸರಾಕ್ಟ್ ಎತ್ತಿಕೊಂಡು ಮಾಯವಾದ. ಸತ್ತನೆಂದು ನಂಬಿದ್ದ ಗೆಳೆಯ ಬಕ್ಕಿ ಬದುಕಿದ್ದಾನೆ ಎಂಬ ಮಾತು ಆ ಕಾಲದ ಸ್ಟೀವ್‌ನ ಕಿವಿಗೆ ಬಿದ್ದಿದೆ. ಸ್ಟೋನ್‌ಗಳನ್ನು ವಾಪಸ್ ಇಟ್ಟರೂ ಇವೆರಡೂ ಅಳಿಯುವುದಿಲ್ಲ. 2014ರ ಕವಲಿಗೆ ಥಾನೋಸ್ ಇನ್ನೆಂದೂ ಮರಳುವುದಿಲ್ಲ. ಹಾಗಾದರೆ ಆ ಗೆರೆ ಅಳಿಸಿದ್ದನ್ನು ತೋರಿಸಿದ್ದು ಯಾಕೆ? ಲೋಕಿ ಏನಾದ ಎಂದು ಹೇಳಲು 2021ರಲ್ಲಿ ಒಂದು ಇಡೀ ಸರಣಿಯೇ ಬೇಕಾಯಿತು.

ಸ್ಟೋನ್ ವಾಪಸ್ ಇಡುವ ಕೆಲಸ ಬಾಯಲ್ಲಿ ಹೇಳಿದಷ್ಟು ಸುಲಭವೂ ಅಲ್ಲ. ಮೈಂಡ್ ಸ್ಟೋನ್ ಲೋಕಿಯ ದಂಡದೊಳಗಿತ್ತು, ಸ್ಪೇಸ್ ಸ್ಟೋನ್ ಟೆಸರಾಕ್ಟ್‌ನ ಘನದೊಳಗಿತ್ತು. ಎರಡನ್ನೂ ಬಿಡಿಸಿಯೇ ಗಾಂಟ್ಲೆಟ್ ಎಂಬ ಕೈಗವಸಿಗೆ ಕೂರಿಸಿದ್ದು. ರಿಯಾಲಿಟಿ ಸ್ಟೋನ್ ದ್ರವರೂಪದಲ್ಲಿ ಥಾರ್‌ನ ಪ್ರೇಯಸಿ ಜೇನ್ ಫಾಸ್ಟರ್‌ಳ ಮೈಯೊಳಗಿತ್ತು, ತಂಡದ ರಾಕೆಟ್ ಎಂಬವನು ಅದನ್ನು ಎಳೆದು ತೆಗೆದ. ಸ್ಟೀವ್‌ನ ಪೆಟ್ಟಿಗೆಯಲ್ಲಿ ಕಾಣುವುದು ಬರಿಯ ಸ್ಟೋನ್‌ಗಳು. ಘನವನ್ನು ಮತ್ತೆ ಮಾಡಿದ್ದು ಯಾರು, ಜೇನ್‌ಳ ಮೈಗೆ ಮತ್ತೆ ಸೇರಿಸಿದ್ದು ಹೇಗೆ ಎಂಬುದಕ್ಕೆ ಒಂದು ದೃಶ್ಯವಾದರೂ ಬೇಡವೇ?

ಹಡಗಿನ ಪ್ರಶ್ನೆ ಇಂಧನದ್ದು ಎಂದು ತಳ್ಳಿಹಾಕಲಾಗಿದೆ. ಪಿಮ್ ಪಾರ್ಟಿಕಲ್ಸ್ ಒಬ್ಬೊಬ್ಬರಿಗೆ ಹೋಗಿಬರಲು ಒಂದು ಸುತ್ತಿಗಷ್ಟೇ ಇದೆ ಎಂಬುದು ಚಿತ್ರದ ಉಸಿರು ಬಿಗಿಹಿಡಿಸುವ ಶರತ್ತು. ಟೋನಿ ಮತ್ತು ಸ್ಟೀವ್ 1970ಕ್ಕೆ ಹೋಗುವ ಅಪಾಯ ಮೈಮೇಲೆ ಎಳೆದುಕೊಂಡದ್ದೇ ಆ ಕೊರತೆಯಿಂದ. ಅಂಥ ಚಿತ್ರದಲ್ಲಿ ನೆಬ್ಯುಲಾಳಿಂದ ಕಿತ್ತುಕೊಂಡದ್ದರ ಬಲದಿಂದ ಇಡೀ ಯುದ್ಧನೌಕೆ, ಸೈನ್ಯ ಸಮೇತ, ಅವೆಂಜರ್ಸ್ ನೆಲೆಯ ಚಾವಣಿ ಸೀಳಿಕೊಂಡು ಬರುತ್ತದೆ. ಪಾರ್ಟಿಕಲ್ಸ್ ಹೆಚ್ಚಿಸಿದ್ದು ಹೇಗೆ ಎಂದು ಒಂದು ಶಾಟ್ ಇಲ್ಲ. ಶರತ್ತು ನಾಯಕರಿಗೆ ಮಾತ್ರ ಅನ್ವಯಿಸಿದರೆ ಅದನ್ನು ತರ್ಕ ಎನ್ನಲಾಗದು.

ಈಗ ಬೆಂಚು. ಇಲ್ಲಿ ನಾನು ಪೂರ್ತಿ ವಿರೋಧದ ಕಡೆಯವನು. ಈ ದೃಶ್ಯದ ಅರ್ಥವೇನು ಎಂಬುದರಲ್ಲಿ ಚಿತ್ರ ಮಾಡಿದವರಲ್ಲೇ ಒಮ್ಮತವಿಲ್ಲ. ಸ್ಟೋನ್ ತೆಗೆದರಷ್ಟೇ ಕವಲು ಹುಟ್ಟುತ್ತದೆ, ಆದ್ದರಿಂದ ಸ್ಟೀವ್ ಇದೇ ಟೈಮ್‌ಲೈನ್‌ನಲ್ಲಿ ಸದ್ದಿಲ್ಲದೆ ಬಾಳಿದ ಎಂಬುದು ಚಿತ್ರಕತೆ ಬರೆದ ಕ್ರಿಸ್ಟೋಫರ್ ಮಾರ್ಕಸ್ ಮತ್ತು ಸ್ಟೀಫನ್ ಮೆಕ್‌ಫೀಲಿ ಅವರ ನಿಲುವು. ಅವನು ಬಾಳಿದ್ದು ಬೇರೆ ಕವಲಿನಲ್ಲಿ ಎಂಬುದು ನಿರ್ದೇಶಕರಾದ ರೂಸೋ ಸಹೋದರರ ನಿಲುವು. ಬರೆದವರೂ ನಿರ್ದೇಶಿಸಿದವರೂ ಒಂದೇ ದೃಶ್ಯಕ್ಕೆ ಎರಡು ನಿಯಮ ಹಚ್ಚಿದರೆ, ಚಿತ್ರದಲ್ಲಿ ಇರುವುದು ಒಂದೇ ನಿಯಮ ಎಂಬ ಮಾತು ಹೇಗೆ ನಿಲ್ಲುತ್ತದೆ? ಇದನ್ನು ಬರಿಯ ಸಂದರ್ಶನದ ಮಾತು ಎಂದು ಬದಿಗಿಡಲು ಬರುವುದಿಲ್ಲ.

ಬರಹಗಾರರ ಮಾತು ಒಪ್ಪಿದರೆ ಕತೆ ಇನ್ನಷ್ಟು ಕೆಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಸ್ಟೀವ್ ಬಿಡಿಸಿದ ಸೈನಿಕರಲ್ಲಿ ತನ್ನ ಗಂಡನೂ ಒಬ್ಬ ಎಂದು ಪೆಗ್ಗಿ 1953ರ ಸಂದರ್ಶನದಲ್ಲಿ ಹೇಳುವುದು ‘ಕ್ಯಾಪ್ಟನ್ ಅಮೆರಿಕ: ದಿ ವಿಂಟರ್ ಸೋಲ್ಜರ್’ ಚಿತ್ರದಲ್ಲಿದೆ. ಆ ಗಂಡ ಸ್ಟೀವ್ ಆಗಲಾರ. 1991ರ ಡಿಸೆಂಬರ್ 16ರಂದು ಬಕ್ಕಿಯ ಕೈಯಲ್ಲಿ ಟೋನಿಯ ಅಪ್ಪ ಅಮ್ಮ ಸಾಯುತ್ತಾರೆ ಎಂದು ಸ್ಟೀವ್‌ಗೆ ಮೊದಲೇ ಗೊತ್ತಿರುತ್ತದೆ. ಶೀಲ್ಡ್ ಎಂಬ ಗುಪ್ತಚರ ಸಂಸ್ಥೆಯೊಳಗೆ ಶತ್ರುಕೂಟ ಹೈಡ್ರಾ ಬೆಳೆಯುತ್ತಿರುವುದೂ ಗೊತ್ತು. ಎಲ್ಲ ತಿಳಿದೂ ದಶಕಗಟ್ಟಲೆ ಸುಮ್ಮನಿದ್ದವನು ನಾವು ನೋಡಿದ ಸ್ಟೀವ್ ರಾಜರ್ಸ್ ಅಲ್ಲ.

ನಿರ್ದೇಶಕರ ಮಾತು ಒಪ್ಪಿದರೆ ಅವನು ಮರಳಿ ಬಂದದ್ದು ತೆರೆಯ ಮೇಲೆ ಕಾಣಬೇಕಿತ್ತು. ಕಾಣುವುದು ಕಂಟ್ರೋಲ್‌ಗಳ ಮುಂದೆ ಗಾಬರಿಯಾದ ಬ್ಯಾನರ್. ಐದು ಸೆಕೆಂಡಿನಲ್ಲಿ ಬರಬೇಕಾದವನು ತನ್ನ ಗಳಿಗೆ ದಾಟಿಹೋದ ಎನ್ನುತ್ತಾನೆ. ಯಂತ್ರಕ್ಕೆ ಅವನ ಸುಳಿವು ಸಿಕ್ಕಿಲ್ಲ. 1970ಕ್ಕೆ ಪ್ಲಾಟ್‌ಫಾರ್ಮ್ ಇಲ್ಲದೆ ಜಿಗಿದದ್ದು ನಿಜ, ಆದರೆ ಹಿಂದಿನ ಕಾಲದಿಂದ 2023ಕ್ಕೆ ಮರಳಿದ ಎಲ್ಲರೂ ಪ್ಲಾಟ್‌ಫಾರ್ಮ್ ಮೇಲೆಯೇ ಬಂದಿದ್ದಾರೆ. ಪ್ರಯೋಗದಲ್ಲಿ ಬಾಲಕನಾಗಿ, ಮುದುಕನಾಗಿ, ಹಸುಗೂಸಾಗಿ ಬಂದ ಸ್ಕಾಟ್ ಕೂಡ ಯಂತ್ರದೊಳಗಿಂದಲೇ ಬಂದ. ಸ್ಟೀವ್ ಅದೇ ಪ್ಲಾಟ್‌ಫಾರ್ಮ್ ಮೇಲೆ, ನರೆತ ಕೂದಲು, ಬೆರಳಿನ ಉಂಗುರ, ಕೈಯಲ್ಲಿ ಗುರಾಣಿಯೊಂದಿಗೆ ಇಳಿದಿದ್ದರೆ ಬರಹಗಾರರಿಗೂ ನಿರ್ದೇಶಕರಿಗೂ ಭಿನ್ನಾಭಿಪ್ರಾಯಕ್ಕೆ ಜಾಗವೇ ಇರುತ್ತಿರಲಿಲ್ಲ. ಅದಕ್ಕೆ ಬೇಕಿದ್ದದ್ದು ಒಂದೇ ಒಂದು ಶಾಟ್.